ಬಾಣಂತಿ ಕೋಣೆಯ ಥರ್ಮೋಸ್ಟಾಟ್

ನಾನು ದಾವಣಗೆರೆಯ ಒಂದು ಹವಾನಿಯಂತ್ರಣ ಗುತ್ತಿಗೆ ಕಂಪನಿಯಲ್ಲಿ ಎಸ್ಟಿಮೇಶನ್ ಇಂಜಿನಿಯರ್. ಹರಿಹರದಿಂದ ದಿನಾ ಬಸ್ಸಿನಲ್ಲಿ ಓಡಾಟ. ಕಟ್ಟಡ ಅಳೆಯುವುದು, ಎಷ್ಟು ಸಾಮರ್ಥ್ಯದ ಯಂತ್ರ ಬೇಕೆಂದು ಲೆಕ್ಕ ಹಾಕುವುದು, ದರಪಟ್ಟಿ ಕೊಡುವುದು ನನ್ನ ಕೆಲಸ. ಕಳೆದ ವರ್ಷದ ಆರಂಭದವರೆಗೆ ನಾನು ಮಾಡಿದ್ದೆಲ್ಲ ಅಂಗಡಿ, ಆಸ್ಪತ್ರೆ, ಕಲ್ಯಾಣ ಮಂಟಪ. ಇಡೀ ಮನೆಗೆ ಸೆಂಟ್ರಲ್ ಎಸಿ ಕೇಳಿದ ಮೊದಲ ಗ್ರಾಹಕರು ಭತ್ತದ ವ್ಯಾಪಾರಿ ಮಹೇಶ್ವರಪ್ಪನವರು. ಎಸ್.ಎಸ್. ಬಡಾವಣೆಯಲ್ಲಿ ಅವರ ಹೊಸ ಮನೆಗೆ ಆಗಿನ್ನೂ ಗಾರೆ ನಡೆದಿತ್ತು.

ಜನವರಿಯಲ್ಲಿ ಅಳತೆಗೆ ಹೋದೆ. ಎರಡು ಮಹಡಿ, ಒಂಬತ್ತು ಕೋಣೆ. ಕೆಳಗೆ ಎಂಟೂವರೆ ಟನ್ನಿನದು, ಮೇಲೆ ಐದೂವರೆ ಟನ್ನಿನದು, ಎರಡು ಯಂತ್ರ ಬೇಕು ಎಂದೆ.

"ಹದಿನಾಲ್ಕು ಟನ್ನಾ? ಒಂದು ಲಾರಿ ಭತ್ತ ಆತಲ್ಲಮ್ಮಾ! ತೂಕ ಹಾಕಿ ಇಳಿಸ್ತೀರೇನು?" ಎಂದು ನಕ್ಕರು.

ಟನ್ ಅಂದರೆ ಇಲ್ಲಿ ತೂಕವಲ್ಲ, ಯಂತ್ರ ಎಷ್ಟು ಶಾಖವನ್ನು ಹೊರಹಾಕಬಲ್ಲದು ಎಂಬುದರ ಅಳತೆ ಎಂದು ವಿವರಿಸಿದೆ. ಅವರು ಎಲ್ಲ ಕೇಳಿಸಿಕೊಂಡು, ಕೆಳಗಿನ ಮೂಲೆಯ ಕೋಣೆಗೆ ಕರೆದೊಯ್ದರು. "ಇದು ನನ್ನ ಮಗಳು ಸೌಮ್ಯಂದು. ಏಪ್ರಿಲ್‌ದಾಗೆ ಚೊಚ್ಚಲ ಹೆರಿಗೆ. ಅವ್ರಮ್ಮ ಇಲ್ಲ. ಬಾಣಂತನ ಈ ಮನೇಲೇ ಆಗ್ಬೇಕು, ಸೆಕೇಲಿ ಬೇಯಬಾರದು. ಅದಕ್ಕೇ ಇಷ್ಟೆಲ್ಲ ಮಾಡಿಸ್ತಿರೋದು," ಎಂದರು.

ದರಪಟ್ಟಿ ಹೀಗಿತ್ತು. ಎರಡು ಯಂತ್ರಗಳಿಗೆ ಐದು ಲಕ್ಷ ಅರವತ್ತು ಸಾವಿರ. ಗಾಳಿ ಹರಿಯುವ ತಗಡಿನ ಡಕ್ಟ್, ಅದರ ಹೊದಿಕೆ, ಕೋಣೆಗಳ ಗ್ರಿಲ್ ಸೇರಿ ಮೂರು ಲಕ್ಷ ಹತ್ತು ಸಾವಿರ. ತಾಮ್ರದ ಪೈಪು, ಕೇಬಲ್, ಜೋಡಣೆಯ ಕೂಲಿಗೆ ಒಂದೂವರೆ ಲಕ್ಷ. ಫಾಲ್ಸ್ ಸೀಲಿಂಗ್ ಮತ್ತು ಹೆಚ್ಚುವರಿ ವಿದ್ಯುತ್ ಲೋಡ್ ಅವರ ಖರ್ಚು. ಕೊನೆಯ ಸಾಲು ಝೋನಿಂಗ್: ಪ್ರತಿ ಕೋಣೆಯ ಡಕ್ಟಿಗೆ ಮೋಟಾರಿನಿಂದ ತೆರೆದು ಮುಚ್ಚುವ ಬಾಗಿಲು, ಅಂದರೆ ಡ್ಯಾಂಪರ್, ಜೊತೆಗೆ ಆ ಕೋಣೆಯ ತಂಪನ್ನು ಅಲ್ಲಿಂದಲೇ ಹೊಂದಿಸುವ ಥರ್ಮೋಸ್ಟಾಟ್. ಒಂಬತ್ತಕ್ಕೂ ಸೇರಿ ಒಂದು ಲಕ್ಷ ಮೂವತ್ತೈದು ಸಾವಿರ.

ಮಹೇಶ್ವರಪ್ಪನವರು ಪೆನ್ನು ತೆಗೆದು ಆ ಸಾಲನ್ನು ಹೊಡೆದರು. "ಒಂದೇ ಮನೆ, ಒಂದೇ ಹವಾ. ಹಾಲ್‌ನಾಗೆ ಒಂದು ಸ್ವಿಚ್ ಐತಲ್ಲ, ಸಾಕು."

ಮಾರ್ಚ್ ಕೊನೆಗೆ ಕೆಲಸ ಮುಗಿಯಿತು, ಗೃಹಪ್ರವೇಶವೂ ಆಯಿತು. ಏಪ್ರಿಲ್ ಮಧ್ಯದಲ್ಲಿ ಹೆಣ್ಣು ಮಗು ಹುಟ್ಟಿತೆಂದು ನಮ್ಮ ಆಫೀಸಿಗೂ ಪೇಡೆ ಬಂತು.

ಮೇ ಮೊದಲ ವಾರ ಅವರ ಫೋನ್. "ಎಲ್ಲಿದೀರಮ್ಮಾ? ನಿಮ್ಮ ಎಸಿ ಹೊಗೆ ಉಗುಳ್ತಾ ಐತೆ! ಎಲ್ಲಾ ಗ್ರಿಲ್‌ನಾಗೂ ಹೊಗೆ!"

ವಯರಿಂಗ್ ಸುಟ್ಟಿರಬೇಕು ಎಂದುಕೊಂಡೆ. ಮೇನ್ ಆಫ್ ಮಾಡಿ ಎಂದು ಹೇಳಿ ಟೆಕ್ನೀಷಿಯನ್ ಜೊತೆ ಓಡಿದೆ. ಒಳಗೆ ಕಾಲಿಟ್ಟಾಗ ಮೂಗಿಗೆ ಬಡಿದದ್ದು ಸುಟ್ಟ ವಯರಿನ ವಾಸನೆಯಲ್ಲ, ಲೋಬಾನ.

ಬಾಣಂತಿ ಕೋಣೆಗೆ ಗಂಡಸರಿಗೆ ಪ್ರವೇಶವಿರಲಿಲ್ಲ, ನಾನೊಬ್ಬಳೇ ಹೋದೆ. ಬಾಣಂತನಕ್ಕೆಂದು ಹರಿಹರದಿಂದ ಬಂದಿದ್ದ ಮಹೇಶ್ವರಪ್ಪನವರ ತಾಯಿ ಗಂಗಮ್ಮಜ್ಜಿ ಮಗುವಿಗೆ ಸ್ನಾನ ಮಾಡಿಸಿ, ಕೆಂಡಕ್ಕೆ ಲೋಬಾನ ಹಾಕಿದ್ದರು. ತಣ್ಣನೆ ಗಾಳಿ ಬರುವ ಗ್ರಿಲ್ಲಿಗೆ ಹಳೇ ಕೌದಿಯ ತುಂಡು ತುರುಕಿದ್ದರು. ಹೊಗೆ ಬಾಗಿಲ ಸಂದಿನಿಂದ ಹೊರಬಿದ್ದು, ಅಲ್ಲೇ ಪಡಸಾಲೆಯಲ್ಲಿದ್ದ, ಗಾಳಿಯನ್ನು ಯಂತ್ರಕ್ಕೆ ಮರಳಿ ಎಳೆಯುವ ದೊಡ್ಡ ಗ್ರಿಲ್ ಸೇರಿತ್ತು. ಯಂತ್ರ ಅದನ್ನು ತಣ್ಣಗೆ ಮಾಡಿ ಕೆಳಮನೆಯ ಎಲ್ಲ ಕೋಣೆಗೂ ಹಂಚಿತ್ತು.

"ನಿಮ್ಮ ಮಿಷನ್ನಿಗೆ ಬುದ್ಧಿ ಐತೇನವ್ವಾ? ಹಸೀ ಬಾಣಂತಿ ಮೈಮೇಲೆ ಐಸಿನ ಗಾಳಿ ಬಿಡ್ತೈತೆ," ಎಂದರು ಅಜ್ಜಿ. ಗೋಡೆಯ ಪಕ್ಕ ಅವರ ಚೀಲ ಕಟ್ಟಿ ಇಟ್ಟಿತ್ತು. "ನಾಳೆ ತಾಯಿ ಮಗೂನ್ನ ಹರಿಹರಕ್ಕೆ ಕರ್ಕೊಂಡು ಹೋಗ್ತೀನಿ."

ಬಾಗಿಲ ಆಚೆಯಿಂದ ಮಹೇಶ್ವರಪ್ಪನವರು ಕೂಗಿದರು: "ಯವ್ವಾ, ಹತ್ತು ಲಕ್ಷದ ಮೇಲೆ ಹಾಕೀನಿ! ಯಾರಿಗೋಸ್ಕರ?"

"ನನಗಂತೂ ಅಲ್ಲ. ಹಾಲ್‌ನಾಗೆ ಬಂದು ಕೂಡೋ ನಿನ್ನ ದಲ್ಲಾಳಿಗಳಿಗೆ ಇರ್ಬೇಕು."

ಯಂತ್ರ ನಿಲ್ಲಿಸಿದರೆ ಮನೆಯೆಲ್ಲ ಕುದಿಯುತ್ತದೆ, ನಡೆಸಿದರೆ ಮಗಳು ಹೊರಡುತ್ತಾಳೆ. ನಾನು ಮಂಚದ ಮೇಲಿದ್ದ ಸೌಮ್ಯಾಳನ್ನು ಕೇಳಿದೆ: "ನಿಮಗೆ ಹೆಂಗೆ ಬೇಕ್ರಿ?"

ಅವಳು ತಲೆಗೆ ಕಟ್ಟಿದ್ದ ಬಟ್ಟೆ ಸಡಿಲಿಸಿ ಹೇಳಿದಳು: "ಅಪ್ಪಾಜಿಗೆ ಇಪ್ಪತ್ತೆರಡು ಡಿಗ್ರಿ ಬೇಕು, ಅಜ್ಜಿಗೆ ಕುಲುಮೆ ಬೇಕು. ನನ್ನ ಇವತ್ತೇ ಕೇಳ್ತಿರೋದು. ಸ್ನಾನ ಆದ್ಮೇಲೆ ಬೆಚ್ಚಗೆ ಇರ್ಲಿ, ಮಧ್ಯಾಹ್ನ ಒಂಚೂರು ತಂಪು ಇರ್ಲಿ, ಕೂಸಿಗೆ ಬೆವರುಸಾಲೆ ಎದ್ದೈತೆ. ಸ್ವಿಚ್ ನನ್ನ ಕೈಯಾಗೆ ಕೊಡ್ರಿ. ನಾ ಎಲ್ಲಿಗೂ ಹೋಗಲ್ಲ."

ಬೆವರುಸಾಲೆಯ ಮಾತು ಕೇಳಿ ಅಜ್ಜಿ ಮಗುವಿನ ಕುತ್ತಿಗೆಯ ಬಟ್ಟೆ ಸರಿಸಿ ನೋಡಿದರು.

ಆ ವಾರವೇ ಸೀಲಿಂಗ್ ಎರಡು ಕಡೆ ಕತ್ತರಿಸಿ ಆ ಕೋಣೆಯ ಡಕ್ಟಿಗೆ ಡ್ಯಾಂಪರ್ ಕೂರಿಸಿದೆವು, ಮಂಚದ ಪಕ್ಕ ಥರ್ಮೋಸ್ಟಾಟ್, ಕಿಟಕಿಗೆ ಎಕ್ಸಾಸ್ಟ್ ಫ್ಯಾನ್. ಲೋಬಾನದ ಹೊತ್ತಿಗೆ ಡ್ಯಾಂಪರ್ ಮುಚ್ಚಿ ಫ್ಯಾನ್ ಹಾಕಿದರೆ ಹೊಗೆ ಹೊರಗೇ ಹೋಗುತ್ತದೆ. ಸೀಲಿಂಗ್ ತೇಪೆ, ಬಣ್ಣ ಸೇರಿ ನಲವತ್ತೊಂದು ಸಾವಿರ ಆಯಿತು. ಮೊದಲೇ ಮಾಡಿಸಿದ್ದರೆ ಆ ಕೋಣೆಯ ಝೋನಿಂಗ್ ಪಾಲು ಹದಿನೈದು ಸಾವಿರ. ಮಹೇಶ್ವರಪ್ಪನವರು ಬಿಲ್ಲು ನೋಡಿ ಚೌಕಾಸಿ ಮಾಡಲಿಲ್ಲ.

ಜೂನಿನಲ್ಲಿ ಫಿಲ್ಟರ್ ತೊಳೆಸಲು ಹೋದಾಗ ಅಜ್ಜಿಯ ಚೀಲ ಬಿಚ್ಚಿತ್ತು, ಸೀರೆಗಳು ಗೂಟದ ಮೇಲಿದ್ದವು. ಸೌಮ್ಯ ನಿದ್ದೆಯಲ್ಲಿದ್ದಳು. "ಇಪ್ಪತ್ತೇಳಕ್ಕೆ ಇಟ್ಟಾಳೆ. ನಾ ಮುಟ್ಟಂಗಿಲ್ಲವ್ವಾ, ಅವ್ಳ ಅಪ್ಪನೂ ಮುಟ್ಟಂಗಿಲ್ಲ," ಎಂದು ಅಜ್ಜಿ ಪಿಸುಗುಟ್ಟಿದರು.

ಮನೆಗೆ ಸೆಂಟ್ರಲ್ ಎಸಿ ಕೇಳುವವರು ಈಗ ಹೆಚ್ಚಾಗಿದ್ದಾರೆ, ಝೋನಿಂಗ್ ಸಾಲಿಗೆ ಬಂದಾಗ ಅನೇಕರು ಪೆನ್ನು ತೆಗೆಯುತ್ತಾರೆ. ಆಗ ನಾನು ದರದ ಬಗ್ಗೆ ವಾದಿಸುವುದಿಲ್ಲ. ಈ ಕೋಣೆಯಲ್ಲಿ ಮಲಗುವವರು ಯಾರು, ಅವರಿಗೆ ಎಷ್ಟು ತಂಪು ಬೇಕು ಎಂದಷ್ಟೇ ಕೇಳುತ್ತೇನೆ. ಉತ್ತರ ಗೊತ್ತಿದ್ದವರು ಕಡಿಮೆ. ಮಿಕ್ಕವರು ಪೆನ್ನು ಕೆಳಗಿಟ್ಟು ಒಳಮನೆಗೆ ಕೂಗಿ ಕೇಳುತ್ತಾರೆ. ಆಮೇಲೆ ಆ ಸಾಲು ಉಳಿಯುತ್ತದೆ.