ಸಾವಿರದ ನೂರ ನಾಲ್ಕು ಕೊಳವೆ, ಒಬ್ಬಳು ಬೀಗದಕ್ಕ

ಬೆಳಗಿನ ಐದೂವರೆ. ಸಭಾಭವನದ ಹಿಂಬಾಗಿಲಿನ ಬೀಗ ಒಂದೇ ಸಲಕ್ಕೆ ತೆರೆದುಕೊಳ್ಳುವ ಜಾತಿಯದಲ್ಲ. ಕೀಯನ್ನು ಅರ್ಧ ತಿರುಗಿಸಿ, ಬಾಗಿಲನ್ನು ಮೊಣಕಾಲಿನಿಂದ ತುಸು ಎತ್ತಿ, ಆಮೇಲೆ ಪೂರ್ತಿ ತಿರುಗಿಸಬೇಕು. ಈ ಮರ್ಮ ಗೊತ್ತಿರುವುದು ಇಡೀ ಊರಲ್ಲಿ ಒಬ್ಬರಿಗೆ ಮಾತ್ರ. ಅದಕ್ಕೇ ಅವರು ಎಲ್ಲರ ಬಾಯಲ್ಲೂ ಬೀಗದಕ್ಕ.

ಒಳಗೆ ಬಂದವರು ದೀಪವನ್ನೂ ಹಾಕದೆ ಮೂವತ್ತೊಂದು ಮೆಟ್ಟಿಲು ಹತ್ತುತ್ತಾರೆ. ವೇದಿಕೆಯ ಮೇಲೆ ಗೋಡೆಯಗಲಕ್ಕೂ ನಿಂತಿರುವ, ಗಾಳಿ ಊದಿದರೆ ಕೊಳವೆಗಳಲ್ಲಿ ನುಡಿಯುವ ಹಳೇ ಆರ್ಗನ್ನಿನ ಪಕ್ಕದಲ್ಲೊಂದು ಕಿರುಬಾಗಿಲಿದೆ. ತಲೆ ತಗ್ಗಿಸಿ ಅದರೊಳಗೆ ನುಸುಳಿ, ನಿನ್ನೆ ಇಟ್ಟ ಎರಡು ಬೋಗುಣಿಗಳಿಗೆ ಮತ್ತೆ ನೀರು ತುಂಬುತ್ತಾರೆ. ಒಳಗಿನ ಗಾಳಿ ಒಣಗಿದರೆ ಮರ ಬಿರಿಯುತ್ತದಂತೆ. ನೀರಿಟ್ಟ ಮೇಲೆ ಮೆತ್ತನೆಯ ಬ್ರಷ್ಷಿನಿಂದ ದೂಳು ಒರೆಸುವ ಕೆಲಸ. ದಿನಕ್ಕೆ ನಲವತ್ತು ಕೊಳವೆ, ಅದಕ್ಕಿಂತ ಒಂದೂ ಹೆಚ್ಚಿಲ್ಲ.

"ಹಾರ್ಮೋನಿಯಂಗೆ ಮುತ್ತಜ್ಜ ಇದು ಅನ್ಕೊಳ್ಳಿ," ಎನ್ನುತ್ತಾರೆ ಬೀಗದಕ್ಕ. "ವಯಸ್ಸಾಗಿದೆ, ದಮ್ಮು ಹಿಡಿದಿದೆ. ಹಾಗಂತ ಮುತ್ತಜ್ಜನ್ನ ಮೂಲೆಗೆ ಎಸೆಯೋಕಾಗುತ್ತಾ?"

ಎಸೆಯುವ ಮಾತು ಬಂದದ್ದು ನಿಜ. ಗಾಳಿ ಊದುವ ತಿದಿಯ ತೊಗಲು ಹರಿದು, ಅರ್ಧಕ್ಕರ್ಧ ಕೊಳವೆಗಳು ಏದುಸಿರು ಬಿಡತೊಡಗಿದಾಗ ಭವನದ ಸಮಿತಿ ಸಭೆ ಸೇರುತ್ತದೆ. ರಿಪೇರಿಗೆ ಬೇಕಾದ ಮೊತ್ತ ಕೇಳಿ ಎಲ್ಲರೂ ಚಾವಣಿ ನೋಡುತ್ತಾರೆ. ಎರಡು ವರ್ಷದಲ್ಲಿ ಹಣ ಕೂಡದಿದ್ದರೆ ಆರ್ಗನ್ ಬಿಚ್ಚಿ ಅಲ್ಲಿ ಇನ್ನೂ ಅರವತ್ತು ಕುರ್ಚಿ ಹಾಕಿಸುವುದೆಂದು ಬರೆದೂ ಆಗುತ್ತದೆ. ಚಹಾದ ತಟ್ಟೆ ಹಿಡಿದು ನಿಂತಿದ್ದ ಬೀಗದಕ್ಕ ಮೆಲ್ಲಗೆ ಬಾಯಿಬಿಟ್ಟು, ನಾನೊಂದು ಕೈ ನೋಡಲೇ ಎಂದಾಗ ಸಮಿತಿ ಮನಸಾರೆ ನಗುತ್ತದೆ. ನಗಲಿ ಬಿಡಿ, ನಗುವುದಕ್ಕೇನು ಖರ್ಚೇ!

ಅವರ ಉಪಾಯ ಸರಳ. ಒಟ್ಟು ಸಾವಿರದ ನೂರ ನಾಲ್ಕು ಕೊಳವೆ. ಪೆನ್ಸಿಲ್ ಗಾತ್ರದ್ದಕ್ಕೆ ಒಂದು ಬೆಲೆ, ಆಳೆತ್ತರದ್ದಕ್ಕೆ ಇನ್ನೊಂದು ಬೆಲೆ. ಒಂದೊಂದನ್ನು ಒಬ್ಬೊಬ್ಬರಿಗೆ ದತ್ತು ಕೊಡುವುದು. ಶನಿವಾರ ಬೆಳಿಗ್ಗೆ ಬಂದವರು ಆ ಕೊಳವೆಯ ಕೀ ಒತ್ತಿ ದನಿ ಕೇಳಬಹುದು. ಅಷ್ಟು ಹೊತ್ತೂ ತಿದಿ ತುಳಿಯುವವರು ಬೀಗದಕ್ಕನ ಯಜಮಾನರು, ಬಸ್ ಓಡಿಸಿ ನಿವೃತ್ತರಾದವರು. ಮೂವತ್ತೆಂಟು ವರ್ಷ ಕ್ಲಚ್ ತುಳಿದ ಕಾಲಿಗೆ ಇದ್ಯಾವ ಲೆಕ್ಕ ಎಂಬುದು ಅವರ ಜಂಬ. ಟೈಲರ್ ಒಬ್ಬರು ಕಿರುಬೆರಳಿನಷ್ಟಿರುವ ಕೊಳವೆಯೊಂದನ್ನು ಹಟ ಹಿಡಿದು ದತ್ತು ಪಡೆದಿದ್ದಾರೆ, ಅದು ಥೇಟ್ ಅವರ ಅತ್ತೆ ಸೀನಿದಂತೆ ಕೇಳುತ್ತದಂತೆ. ಈ ಸಂಗತಿ ಅತ್ತೆಯವರಿಗೆ ಇನ್ನೂ ಗೊತ್ತಿಲ್ಲ.

ಎಲ್ಲರಿಗೂ ಮೊದಲು ಬೇಕಾದದ್ದು ಮುಂದಿನ ಸಾಲಿನಲ್ಲಿ ಬಂಗಾರದ ಬಣ್ಣದಲ್ಲಿ ಥಳಥಳಿಸುವ ಇಪ್ಪತ್ತಮೂರು ಕೊಳವೆಗಳು. ಅವುಗಳ ದನಿಯನ್ನು ರಿಪೇರಿಯಾದ ಮೇಲೆ ಕೇಳಿಸುತ್ತೇನೆಂದು ಮಾತು ಕೊಟ್ಟು, ಬೀಗದಕ್ಕ ಒಂದೇ ತಿಂಗಳಲ್ಲಿ ಅಷ್ಟನ್ನೂ ಕೊಟ್ಟುಬಿಡುತ್ತಾರೆ. ಆಮೇಲೆ ರಿಪೇರಿಯ ಮೇಸ್ತ್ರಿ ಬಂದು, ಒಳಗೆಲ್ಲ ಟಾರ್ಚು ಬಿಟ್ಟು ನೋಡಿ, ಒಂದು ಮಾತು ಹೇಳುತ್ತಾರೆ. ಮುಂದಿನ ಆ ಇಪ್ಪತ್ತಮೂರೂ ಬರೀ ಅಲಂಕಾರಕ್ಕೆ ಇಟ್ಟವು. ಅವಕ್ಕೆ ಗಾಳಿಯೇ ಹೋಗುವುದಿಲ್ಲ. ಹಾಡುವವೆಲ್ಲ ಹಿಂದೆ, ಕತ್ತಲಲ್ಲಿ ಇವೆ.

"ಮೂಕ ಕೊಳವೆಗಳನ್ನ ಹಾಡುತ್ವೆ ಅಂತ ಕೊಟ್ಟಿದ್ದೆ. ನಮ್ಮನೆಯವರು, ಸುಮ್ಮನಿರು, ಯಾರಿಗೆ ಗೊತ್ತಾಗುತ್ತೆ ಅಂದ್ರು. ನನಗೆ ಗೊತ್ತಾಯ್ತಲ್ಲ?"

ಇಪ್ಪತ್ತಮೂರು ಮನೆಗಳಿಗೂ ನಡೆದೇ ಹೋಗುತ್ತಾರೆ. ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ. ನಾಲ್ವರು ಮುಖ ಸಿಂಡರಿಸಿ ಹಣ ವಾಪಸ್ ಪಡೆಯುತ್ತಾರೆ. ಹೆಚ್ಚಿನವರು ನಕ್ಕು, ಮುಂದಿನದೂ ಇರಲಿ, ಹಿಂದಿನದೂ ಒಂದು ಕೊಡಿ ಎನ್ನುತ್ತಾರೆ. ಕೊನೆಯ ಮನೆ ಇಸ್ತ್ರಿ ಅಂಗಡಿಯವರದು. ಅಲ್ಲಿನ ತಾಯಿ ಕೊಳವೆ ಪಡೆದದ್ದು ಹುಟ್ಟಿನಿಂದಲೇ ಕಿವಿ ಕೇಳಿಸದ, ಈಗ ಇಪ್ಪತ್ತೆರಡರ ಮಗಳಿಗಾಗಿ.

"ಅವಳಿಗೆ ಕಾಣಿಸಿದ್ರೆ ಸಾಕಕ್ಕಾ, ಕೇಳೋದು ಹೇಗೂ ಇಲ್ಲ," ಎಂದು ಆ ತಾಯಿ ಸಮಾಧಾನ ಹೇಳುತ್ತಾರೆ.

ಬೀಗದಕ್ಕನಿಗೆ ಸಮಾಧಾನವಿಲ್ಲ. ಮುಂದಿನ ಶನಿವಾರ ತಾಯಿ-ಮಗಳನ್ನು ಕಿರುಬಾಗಿಲಿನಿಂದ ಒಳಕ್ಕೇ ಕರೆದೊಯ್ಯುತ್ತಾರೆ. ತೀರಾ ಹಿಂದೆ, ಗೋಡೆಗೊರಗಿ ನಿಂತಿರುವುದು ಎಲ್ಲಕ್ಕಿಂತ ದೊಡ್ಡ ಕೊಳವೆ, ಮೂರಾಳೆತ್ತರದ ಮರದ್ದು. ಬೆಲೆಯೂ ಎಲ್ಲಕ್ಕಿಂತ ಜಾಸ್ತಿ. ಕಣ್ಣಿಗೆ ಬೀಳುವುದಿಲ್ಲ, ದನಿ ಎಷ್ಟು ತಗ್ಗೆಂದರೆ ಕಿವಿಗೂ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ಯಾರಿಗೂ ಬೇಡವಾಗಿ ಉಳಿದಿದೆ. ಯಜಮಾನರು ತಿದಿ ತುಳಿಯುತ್ತಾರೆ, ಬೀಗದಕ್ಕ ಕೀ ಒತ್ತಿ ಹಿಡಿಯುತ್ತಾರೆ. ಹುಡುಗಿ ಎರಡೂ ಅಂಗೈಯನ್ನು ಆ ಮರಕ್ಕೆ ಒತ್ತಿ ನಿಲ್ಲುತ್ತಾಳೆ. ನೋಡನೋಡುತ್ತಿದ್ದಂತೆ ಅವಳ ಕಣ್ಣು ಅಗಲವಾಗುತ್ತದೆ. ಕೈ ತೆಗೆಯುತ್ತಾಳೆ, ಮತ್ತೆ ಇಡುತ್ತಾಳೆ. ಆಮೇಲೆ ಕೆನ್ನೆಯನ್ನೇ ಇಟ್ಟು ಜೋರಾಗಿ ನಗುತ್ತಾಳೆ. ಯಜಮಾನರಂತೂ ಕಾಲು ನೋವೆನ್ನದೆ ಮುಕ್ಕಾಲು ಗಂಟೆ ತುಳಿದರಂತೆ. ತಾಯಿ ಅಲ್ಲೇ ಕೂತು ಅತ್ತುಬಿಟ್ಟರಂತೆ.

ದೊಡ್ಡ ಕೊಳವೆ ಈಗ ಆ ಬೀದಿಯ ಇಸ್ತ್ರಿಯವರು, ಬಟ್ಟೆ ಒಗೆಯುವವರು, ಟೈಲರ್‌ಗಳು ಎಲ್ಲರೂ ಸೇರಿ ದತ್ತು ಪಡೆದದ್ದು. ಕಳೆದ ತಿಂಗಳು ಉಳಿದವೂ ಮುಗಿದಿವೆ, ಗಡುವಿಗೆ ಇನ್ನೂ ಒಂಬತ್ತು ದಿನ ಇರುವಾಗಲೇ. ಮುಂದಿನ ವಾರದಿಂದ ಮೇಸ್ತ್ರಿ ಕೆಲಸ ಶುರು ಮಾಡುತ್ತಾರೆ. ಅರವತ್ತು ಕುರ್ಚಿಯ ಸುದ್ದಿ ಎತ್ತಿದರೆ ಸಮಿತಿಯವರು ಈಗ ಗಡಿಯಾರ ನೋಡಿಕೊಳ್ಳುತ್ತಾರೆ.

ನಿಮ್ಮದು ಯಾವ ಕೊಳವೆ ಎಂದರೆ ಬೀಗದಕ್ಕ ಮುಂದಿನ ಸಾಲಿನತ್ತ ಕೈ ತೋರಿಸುತ್ತಾರೆ. ವಾಪಸ್ ಬಂದ ನಾಲ್ಕು ಮೂಕ ಕೊಳವೆಗಳಲ್ಲಿ ಒಂದು. ಮತ್ತೇನು ಆಸೆಯಿದೆ ಎಂದಾಗ ಕೀಗೊಂಚಲನ್ನು ಮಡಿಲಲ್ಲಿಟ್ಟು ಬಾಗಿಲಿನತ್ತ ನೋಡುತ್ತಾರೆ. ಮೂವತ್ತು ವರ್ಷದಿಂದ ಇಲ್ಲಿನ ಒಂದೊಂದು ಸಂಗೀತ ಕಚೇರಿಯನ್ನೂ ಅವರು ಕೇಳಿರುವುದು ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಕೂತೇ.

"ರಿಪೇರಿ ಆದ್ಮೇಲೆ ಮೊದಲನೇ ಕಚೇರಿ ದಿನ ಬಾಗಿಲು ನಮ್ಮನೆಯವರು ತೆಗೀಲಿ. ನಾನು ಟಿಕೆಟ್ ತಗೊಂಡು ಒಳಗೆ ಬಂದು ಕೂತ್ಕೋಬೇಕು, ಇಸ್ತ್ರಿ ಅಂಗಡಿ ಹುಡುಗಿ ಪಕ್ಕದಲ್ಲಿ. ಆ ದೊಡ್ಡದು ನುಡಿದ್ರೆ ನನ್ನ ಕಿವಿಗೆ ಗೊತ್ತಾಗಲ್ಲ. ಅದಕ್ಕೆ ಅವಳು, ನೆಲಕ್ಕೆ ಬರಿಗಾಲು ಊರಿ ಕೂತಿರ್ತೀನಿ, ಅದು ನುಡಿದಾಗ ಮೊಣಕೈಯಲ್ಲಿ ತಿವಿದು ಹೇಳ್ತೀನಿ ಅಂತ ಸನ್ನೆ ಮಾಡಿ ಹೇಳಿದಾಳೆ."