ಮಗ್ಗ ಬಂದ ಮಳೆಗಾಲ

ಆಗ ನಮ್ಮೂರಿನ ಹೆಂಗಸರಿಗೆ ಕೂಲಿಯೆಂದರೆ ನೆಟ್ಟಿ ಮತ್ತು ಕೊಯ್ಲು, ಅಷ್ಟೆ. ಉಳಿದ ತಿಂಗಳು ತೆಂಗಿನ ಗರಿ ಹೆಣೆಯುತ್ತ ಕಳೆಯಬೇಕು. ನಾನು ಐದನೇ ಇಯತ್ತೆಯಲ್ಲಿದ್ದ ವರ್ಷ, ಶಿರಾಲಿಯಿಂದ ಒಂದು ಮೈಲು ಒಳಗಿನ ನಮ್ಮೂರಿನ ಹಳೆಯ ಭತ್ತದ ಗೋದಾಮಿಗೆ ಸರ್ಕಾರದ ಲಾರಿಯಲ್ಲಿ ಆರು ಕೈಮಗ್ಗ ಬಂದವು. ಕಲಿಯುವವರಿಗೆ ಭತ್ಯೆ, ನೂಲು ಪುಕ್ಕಟೆ, ನೇಯ್ದದ್ದನ್ನು ಸರ್ಕಾರವೇ ಕೊಳ್ಳುತ್ತದೆ ಎಂದರು. ಅಮ್ಮ ಮೊದಲ ದಿನವೇ ಹೆಸರು ಬರೆಸಿದಳು.

ಕಲಿಸಲು ಬಂದ ಮಾಸ್ತರು ಗುಳೇದಗುಡ್ಡದ ಕಡೆಯವರು. ಮೀನುಪೇಟೆ ದಾಟುವಾಗ ಮೂಗಿಗೆ ಟವೆಲ್ಲು ಒತ್ತಿಕೊಳ್ಳುತ್ತಿದ್ದರು. ಅವರ ಮಾತು ನಮಗೆ ಅರ್ಧ ತಿಳಿಯುತ್ತಿತ್ತು, ನಮ್ಮದು ಅವರಿಗೆ ಅರ್ಧ.

“ಲಾಳಿ ಹಂಗ ಜೋರಾಗಿ ಒಗೀಬ್ಯಾಡ್ರಿ ಅಕ್ಕಾರ,” ಎಂದರು ಒಮ್ಮೆ.

“ಇನ್ನೂ ನೇಯ್ದೇ ಆಗ್ಲಿಲ್ಲ, ಒಗೆಯೂದು ಎಂತ ಮಾಸ್ತರೇ?” ಎಂದಳು ಅಮ್ಮ.

ಅವರ ಕಡೆ ಒಗೆಯುವುದೆಂದರೆ ಎಸೆಯುವುದೂ ಹೌದೆಂದು ತಿಳಿದ ಮೇಲೆ ಗೋದಾಮೆಲ್ಲ ನಕ್ಕಿತು.

ಶಾಲೆ ಬಿಟ್ಟೊಡನೆ ನಾನು ಅಲ್ಲಿಗೇ ಓಡುತ್ತಿದ್ದೆ. ಮಗ್ಗಗಳ ಸದ್ದು ರಸ್ತೆಗೇ ಕೇಳುತ್ತಿತ್ತು. ಒಳಗೆ ಹೊಸ ನೂಲಿನ, ಗಂಜಿಯ ವಾಸನೆ. ಮಾಸ್ತರು ಊರಿಂದ ತಂದ ಕಟಕ್ ರೊಟ್ಟಿ ಮುರಿದು, ಶೇಂಗಾಚಟ್ನಿ ಹಚ್ಚಿ ಕೊಡುತ್ತಿದ್ದರು.

ಮಳೆ ಹಿಡಿಯುವ ಹೊತ್ತಿಗೆ ಅಮ್ಮನ ಕೈ ಪಳಗಿತ್ತು. ಆಸ್ಪತ್ರೆಯ ಮಂಚಗಳಿಗೆಂದು ಚಾದರ ನೇಯುವ ಮೊದಲ ಕೆಲಸ ಬಂತು. ಇಲಾಖೆಯ ಸಾಹೇಬರು ನೋಡಿ ಒಪ್ಪಿದರೆ ನೇಯ್ಗೆ ಕೇಂದ್ರ ಉಳಿಯುತ್ತದೆ, ಇಲ್ಲವಾದರೆ ಮಗ್ಗಗಳು ಬಂದ ಹಾಗೇ ವಾಪಸು. ಆದರೆ ಗಂಜಿಯಲ್ಲಿ ಅದ್ದಿದ ನೂಲು ಆ ಜಡಿಮಳೆಯಲ್ಲಿ ಒಣಗಬೇಕಲ್ಲ. ಹೆಂಗಸರು ನೂಲಿನ ಲಡಿಗಳನ್ನು ಹಂಚಿಕೊಂಡು ಮನೆಗೆ ಒಯ್ದರು. ಅಮ್ಮ ಜಗಲಿಯಲ್ಲಿ ಹಗ್ಗ ಕಟ್ಟಿ ಲಡಿ ತೂಗುಹಾಕಿ, ಕೆಳಗೆ ಕೆಂಡದ ಬಾಣಲೆ ಇಟ್ಟು, “ಇಲ್ಲೇ ಕೂತು ತಿರುಗಿಸ್ತಾ ಇರು. ಎಲ್ಲಿಗೂ ಹೋಗ್ಬೇಡ,” ಎಂದು ಹೇಳಿ ಹೋದಳು.

ಪಕ್ಕದ ಮನೆಯ ಶೈಲಾ ಕಲ್ಲಾಟಕ್ಕೆ ಕರೆದಳು. ನಾನು ಲಡಿಗಳನ್ನೆಲ್ಲ ಎತ್ತಿ, ಅಡುಗೆಮನೆಯ ಒಲೆಯ ಮೇಲೆ ತೂಗುತ್ತಿದ್ದ ಬಿದಿರ ತಟ್ಟಿಯ ಮೇಲೆ ಹರಡಿ ಆಟಕ್ಕೆ ಓಡಿದೆ. ಆ ತಟ್ಟಿಯಲ್ಲಿ ಮಳೆಗಾಲಕ್ಕೆಂದು ಕೂಡಿಟ್ಟ ಒಣಬಂಗಡೆ ಮೀನು ಇತ್ತು. ಸಂಜೆ ಲಡಿಗಳು ಚೆನ್ನಾಗಿ ಒಣಗಿದ್ದವು. ಅಮ್ಮ ಬರುವುದರೊಳಗೆ ಮತ್ತೆ ಹಗ್ಗಕ್ಕೆ ಹಾಕಿಟ್ಟೆ.

ಸಾಹೇಬರು ಬಂದ ದಿನ ಚಾದರಗಳನ್ನು ಬೆಳಕಿಗೆ ಹಿಡಿದು, ಎಳೆದು ನೋಡಿ, ಚೆನ್ನಾಗಿದೆ ಎಂದರು. ಅಮ್ಮನದನ್ನು ಬಿಚ್ಚಿದವರು ಮೂಗು ಸಿಂಡರಿಸಿದರು.

“ಇದೇನು, ಮೀನಿನ ವಾಸನೆ?”

ಅಮ್ಮ ತಲೆ ತಗ್ಗಿಸಿದಳು. ನಾನು ಅವಳ ಹಿಂದೆ ಸರಿದೆ. ಆಗ ಮಾಸ್ತರು ಮುಂದೆ ಬಂದರು.

“ತಪ್ಪು ನಂದೈತ್ರಿ ಸಾಹೇಬ್ರ. ಮಳ್ಯಾಗ ಒಣಗಸಾಕ ಜಾಗ ಇರಲಿಲ್ಲ. ಒಲಿ ಮ್ಯಾಲೆ ಹಾಕ್ರಿ ಅಂತ ನಾನ ಹೇಳಿದ್ದೆ. ನೇಯ್ಗಿ ನೋಡ್ರಿ, ವಾಸನಿ ಒಗದ್ರ ಹೋಗ್ತೈತಿ.”

ಮೀನುಪೇಟೆಯಲ್ಲಿ ಮೂಗು ಮುಚ್ಚಿಕೊಳ್ಳುವ ಮನುಷ್ಯ ಆ ಚಾದರವನ್ನು ಎದೆಗೆ ಅವುಚಿ ಹಿಡಿದು ನಿಂತಿದ್ದರು. ಸಾಹೇಬರು ಇನ್ನೊಮ್ಮೆ ಎಳೆದು ನೋಡಿದರು. ತೊಳೆದು ಕಳಿಸಿ ಎಂದು ಸಹಿ ಹಾಕಿದರು.

ಅವರು ಹೋದ ಮೇಲೆ ಅಳುತ್ತ ಅಮ್ಮನಿಗೆ ಎಲ್ಲ ಹೇಳಿದೆ.

“ಗೊತ್ತದೆ. ನೂಲು ಮುಟ್ಟಿದಾಗ್ಲೇ ಗೊತ್ತಾತು,” ಎಂದಳು.

“ಮತ್ತೆ ಯಾಕೆ ನೇಯ್ದೆ?”

“ಬೇರೆ ನೂಲು ಎಲ್ಲಿತ್ತು ಮಗಾ?” ಎಂದು ನನ್ನ ಕಣ್ಣೊರೆಸಿದಳು. ಒಂದು ಏಟೂ ಹಾಕಲಿಲ್ಲ.

ಮೂರು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ನೂಲಿನ ಲಾರಿ ತಿಂಗಳು ಬಿಟ್ಟು ತಿಂಗಳು ಬರತೊಡಗಿತು. ಆಸ್ಪತ್ರೆಗಳಿಗೆ ಮಿಲ್ಲಿನ ಅಗ್ಗದ ಚಾದರ ಸಾಕೆಂದಾಯಿತು. ಮಾಸ್ತರಿಗೆ ವರ್ಗವಾಯಿತು. ಒಂದು ದಿನ ಶಾಲೆಯಿಂದ ಬರುವಾಗ ರಸ್ತೆಯಲ್ಲಿ ಸದ್ದೇ ಇರಲಿಲ್ಲ. ಈಗ ಆ ಗೋದಾಮು ಸಿಮೆಂಟಿನ ಅಂಗಡಿ. ನೇಯಲು ಕಲಿತ ಹೆಂಗಸರಲ್ಲಿ ಉಳಿದವರು ಇಬ್ಬರೇ, ಅವರ ಮಕ್ಕಳಲ್ಲಿ ಒಬ್ಬರಿಗೂ ಆ ಕೆಲಸ ಬಾರದು, ನನಗೂ.

ಈಚೆಗೆ ಗಣತಿಯ ಪಟ್ಟಿ ಬರೆಯಲು ಬಂದ ಹುಡುಗಿ ಅಮ್ಮನನ್ನು ಕೇಳಿದಳು, “ಅಜ್ಜಿ, ನಿಮ್ದು ಉದ್ಯೋಗ ಎಂತ?”

ಮಗ್ಗ ಮುಟ್ಟದೆ ನಲವತ್ತು ವರ್ಷವಾದರೂ ಅಮ್ಮ ತಡವರಿಸಲಿಲ್ಲ.

“ನೇಯ್ಗೆ,” ಎಂದಳು.

ಹುಡುಗಿ ನನ್ನ ಮುಖ ನೋಡಿದಳು. ಹಾಗೇ ಬರೆದುಕೊಳ್ಳಲು ಹೇಳಿದೆ.