ಖಾದರ್ ಸಾಬರ ಹೆಬ್ಬೆರಳು

ಕೊರೊನಾ ಕಳೆದ ಮರುವರ್ಷ. ತರೀಕೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ರೇಡಿಯಾಲಜಿಸ್ಟ್ ಆಗಿದ್ದೆ. ದಿನವಿಡೀ ಗರ್ಭಿಣಿಯರ, ಹೊಟ್ಟೆನೋವಿನವರ ಅಲ್ಟ್ರಾಸೌಂಡ್. ಬೆರಳು ತೋರಿಸಲು ಯಾರೂ ಬರುತ್ತಿರಲಿಲ್ಲ. ಲಿಂಗದಹಳ್ಳಿಯ ಟೈಲರ್ ಖಾದರ್ ಸಾಬರೂ ಬಂದದ್ದು ಕಿಡ್ನಿ ಸ್ಕ್ಯಾನಿಂಗಿಗೆ.

ವಯಸ್ಸು ಅರವತ್ತೆರಡು. ಕಾಲು ಊದಿತ್ತು, ಬಿ.ಪಿ. ಏರಿತ್ತು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ 1.9 ಮುಟ್ಟಿತ್ತು, 1.2ರ ಆಸುಪಾಸಿನಲ್ಲಿ ಇರಬೇಕಿತ್ತು. ನಮ್ಮ ಫಿಜಿಶಿಯನ್ ಚೀಟಿಯಲ್ಲಿ "ನೋವಿನ ಮಾತ್ರೆ?" ಎಂದು ಬರೆದಿದ್ದರು.

"ದಿನಕ್ಕೊಂದು ತಗೋತೀನಿ ಮೇಡಮ್, ಅಷ್ಟೇ," ಎಂದರು ಸಾಬರು.

ಜೊತೆಗಿದ್ದ ಹೆಂಡತಿ ನೂರ್‌ಜಹಾನ್ ಸುಮ್ಮನಿರಲಿಲ್ಲ. "ಸುಳ್ಳು ಕಣ್ರೀ. ಮೂರು ನುಂಗ್ತಾರೆ. ಎರಡು ವರ್ಷಾಯ್ತು."

ಅದು ಡೈಕ್ಲೋಫೆನಾಕ್, ಉರಿಯೂತ ತಗ್ಗಿಸುವ ನೋವಿನ ಮಾತ್ರೆ. ನುಂಗಿದ ಮಾತ್ರೆ ನೋಯುವ ಬೆರಳಿಗಷ್ಟೇ ಹೋಗುವುದಿಲ್ಲ. ಹೊಟ್ಟೆಗೂ ಕಿಡ್ನಿಗೂ ಪೆಟ್ಟು ಕೊಡುತ್ತದೆ. ನಿಲ್ಲಿಸಲೇಬೇಕು ಎಂದೆ.

"ನಿಲ್ಸಿದ್ರೆ ಕತ್ತರಿ ಹಿಡಿಯಕ್ಕಾಗಲ್ಲ. ಸ್ಕೂಲ್ ಯೂನಿಫಾರಂ ಒಪ್ಕೊಂಡಿದೀನಿ. ನಲವತ್ತು ವರ್ಷದಿಂದ ಮಾತು ತಪ್ಪಿಲ್ಲ ಮೇಡಮ್."

ಮಲಗಿಸಿ ಸ್ಕ್ಯಾನ್ ಮಾಡಿದೆ. ಕಿಡ್ನಿಗಳ ಗಾತ್ರ ಕುಗ್ಗಿರಲಿಲ್ಲ. ಚೇತರಿಕೆಯ ಆಸೆಯಿತ್ತು. ಸಾಬರು ಎದ್ದು ಕೂತರು. ಅಂಗಿಯ ಗುಂಡಿ ಹಾಕಲು ಬೆರಳು ಬಗ್ಗಲಿಲ್ಲ. ನೂರ್‌ಜಹಾನ್ ಹಾಕಿಕೊಟ್ಟರು. ಅದನ್ನು ನೋಡಿ ಕಳಿಸಿಬಿಡಲು ನನಗೆ ಮನಸ್ಸಾಗಲಿಲ್ಲ. "ಕೈ ಇಲ್ಲಿಡಿ," ಎಂದೆ.

ಅವರದು ಆಸ್ಟಿಯೋಆರ್ಥ್ರೈಟಿಸ್. ಕೀಲಿನ ಮೃದ್ವಸ್ಥಿ ಸವೆದು, ಅಂಚಿನಲ್ಲಿ ಮೂಳೆ ಗಂಟುಗಟ್ಟಿತ್ತು. ಬೆರಳ ತುದಿಯ ಗಂಟುಗಳು ಎಷ್ಟು ದಪ್ಪಗಿದ್ದವೆಂದರೆ, ತೊಂದರೆ ಅಲ್ಲೇ ಎಂದುಕೊಂಡೆ. ಕೀಲಿನಲ್ಲಿ ಉರಿಯೂತವಿದ್ದರೆ ಸ್ಕ್ಯಾನಿಂಗ್ ಯಂತ್ರದ ಡಾಪ್ಲರ್ ಅಲ್ಲಿಯ ರಕ್ತದ ಹರಿವನ್ನು ಪರದೆಯ ಮೇಲೆ ಬಣ್ಣದಲ್ಲಿ ತೋರಿಸುತ್ತದೆ. ಗಂಟುಗಳಲ್ಲಿ ಒಂದು ಚುಕ್ಕೆಯೂ ಕಾಣಲಿಲ್ಲ. ಹೊರಗಿನಿಂದ ಅಷ್ಟೇನೂ ಕೆಟ್ಟಂತೆ ಕಾಣದ ಬಲ ಹೆಬ್ಬೆರಳ ಬುಡಕ್ಕೆ ಯಂತ್ರದ ಪ್ರೋಬ್ ಇಟ್ಟೆ. ಪರದೆ ಕೆಂಪಾಯಿತು. ಮೆಲ್ಲಗೆ ಒತ್ತಿದೆ.

"ಅಲ್ಲೇ! ಅದೇ ಮೇಡಮ್!"

ಫಿಜಿಶಿಯನ್ನರನ್ನು ಕರೆಸಿ ಪರದೆ ತೋರಿಸಿದೆ. ಅವರು ಮಾತ್ರೆ ನಿಲ್ಲಿಸಿ, ಹೆಬ್ಬೆರಳ ಬುಡಕ್ಕೆ ಮಾತ್ರ ಹಚ್ಚಲು, ಮಾತ್ರೆಯಷ್ಟು ರಕ್ತಕ್ಕೆ ಸೇರದ ನೋವಿನ ಜೆಲ್ ಸ್ವಲ್ಪವೇ, ಹೆಬ್ಬೆರಳಿಗೆ ಆಸರೆಯ ಪಟ್ಟಿ ಬರೆದರು. ವಾರ ಬಿಟ್ಟು ರಕ್ತ ಪರೀಕ್ಷೆಗೆ ಬರಹೇಳಿದರು. ಕತ್ತರಿಗೆ ಬಿಡುವು ಬೇಕು ಎಂದಾಗ ಸಾಬರ ಮುಖ ಬಾಡಿತು.

"ಕತ್ತರಿಸೋದು ನಾನು, ಹೊಲಿಯೋದು ನೀವು. ಏಳ್ರೀ," ಎಂದರು ನೂರ್‌ಜಹಾನ್.

ಎರಡನೇ ವಾರ ಸಾಬರ ಫೋನು: "ಒಂದೇ ಒಂದು ಮಾತ್ರೆ ತಗೋತೀನಿ ಮೇಡಮ್." ನಾನು ಬಾಯಿ ತೆರೆಯುವ ಮುನ್ನ ಹಿಂದಿನಿಂದ ಹೆಂಡತಿಯ ದನಿ: "ಡಬ್ಬೀನೇ ಬಿಸಾಕಿದೀನಿ!"

ಎರಡು ತಿಂಗಳ ಮೇಲೆ ಇಬ್ಬರೂ ಬಂದರು. ಕ್ರಿಯಾಟಿನಿನ್ 1.3ಕ್ಕೆ ಇಳಿದಿತ್ತು, ಕಾಲಿನ ಊತ ಹೋಗಿತ್ತು. ಗಂಟುಗಳು ಹಾಗೇ ಇದ್ದವು. ಹೆಬ್ಬೆರಳ ಬುಡದ ಕೆಂಪು ಮಾತ್ರ ಒಂದೆರಡು ಚುಕ್ಕೆಗೆ ಬಂದಿತ್ತು. ಯೂನಿಫಾರಂ ಮೂರು ದಿನ ತಡವಾಗಿತ್ತಂತೆ. ಶಾಲೆಯವರು ಏನೂ ಅನ್ನಲಿಲ್ಲವಂತೆ.

"ನೋವು?" ಎಂದೆ.

"ಸ್ವಲ್ಪ ಐತೆ, ತಡ್ಕೋತೀನಿ. ಇವಳ ಕತ್ತರಿ ನನ್ನದಕ್ಕಿಂತ ನೇರ ಹೋಗ್ತದೆ, ಅದೇ ಈಗ ಸಂಕಟ!" ಮೂವರೂ ನಕ್ಕೆವು.

ಚೀಟಿಯಲ್ಲಿ ಕೇಳಿದ್ದನ್ನಷ್ಟೇ ನೋಡಿ ರಿಪೋರ್ಟ್ ಬರೆದರೆ ನನ್ನ ಕೆಲಸ ಮುಗಿಯಿತು ಎಂದು ಅಲ್ಲಿಯವರೆಗೆ ನಂಬಿದ್ದೆ. ಈಗ ಕಿಡ್ನಿಗೆ ಪ್ರೋಬ್ ಇಡುವ ಮುನ್ನ ಒಂದು ಪ್ರಶ್ನೆ ಹೆಚ್ಚಾಗಿ ಕೇಳುತ್ತೇನೆ: "ನೋವು ಎಲ್ಲಿ? ಮುಟ್ಟಿ ತೋರಿಸಿ."